ಕುಚ್ಚಲು ಬೇಯುವವರೆಗೆ ನೀರು

ನಾವು ಸುಣ್ಣ ಮಾರುವವರು. ಆದರೆ ನಮ್ಮ ಮನೆಯ ಗೋಡೆ ಸುಣ್ಣ ಕಂಡು ವರ್ಷಗಳೇ ಆಗಿದ್ದವು. ಕುದ್ರೋಳಿಯ ಅರ್ಧಕ್ಕರ್ಧ ಮನೆಗಳು ನಮ್ಮಲ್ಲಿಂದ ಹೋದ ಸುಣ್ಣ ಬಳಿದುಕೊಂಡು ಬೆಳ್ಳಗೆ ನಿಂತಿದ್ದರೆ ನಮ್ಮದು ಮಾತ್ರ ಪಾಚಿ ಹಿಡಿದು ಹಸಿರಾಗಿತ್ತು. ದೀಪದ ಬುಡದಲ್ಲಿ ಕತ್ತಲೆ ಎಂದು ದಾರಿಯಲ್ಲಿ ಹೋಗುವವರು ನಗುತ್ತಿದ್ದರು. ಉಳಿದವರ ಕಿವಿಗೆ ಅದು ಬೀಳುತ್ತಿರಲಿಲ್ಲ. ಅಜ್ಜಿಯ ಕಿವಿಗೆ ಬೀಳುತ್ತಿತ್ತು, ಅಲ್ಲೇ ಉಳಿಯುತ್ತಲೂ ಇತ್ತು.

ಸುಣ್ಣ ಎಂದರೆ ವೀಳ್ಯದೆಲೆಗೆ ಹಚ್ಚುವ ತಣ್ಣಗಿನ ಸುಣ್ಣವೆಂದು ತಿಳಿಯಬೇಡಿ. ಹೊಳೆಯಲ್ಲಿ ಸಿಗುವ ಮರುವಾಯಿಯ ಚಿಪ್ಪನ್ನು ಗೂಡಿನಲ್ಲಿ ಸುಟ್ಟು ತೆಗೆದದ್ದು, ಇನ್ನೂ ನೀರು ಕಾಣದ್ದು, ಅದು ನಮ್ಮ ಸರಕು. ನೋಡಲು ಪಾಪದ್ದು. ಕೈಯಲ್ಲಿ ಹಿಡಿದರೆ ಹಗುರ, ಬಿಳಿ, ಬಿಸಿಯೂ ಇಲ್ಲ. ಅದಕ್ಕೆ ನೀರು ತಾಗಿತೋ, ಆಗ ಅದರ ನಿಜವಾದ ಗುಣ ತಿಳಿಯುತ್ತದೆ. ಕುದಿಯುತ್ತದೆ, ಸಿಡಿಯುತ್ತದೆ, ಮೈಗೆ ಹತ್ತಿದರೆ ಚರ್ಮವನ್ನು ತಿನ್ನುತ್ತದೆ. ನನ್ನ ಸೋದರಮಾವ ಅದನ್ನು ಪಡಾವಿನಲ್ಲಿ ತುಂಬಿಕೊಂಡು ಹೊಳೆಯಿಂದ ಬಂದರಿಗೆ ತರುತ್ತಿದ್ದರು. ಪಡಾವಿನೊಳಗೆ ಒಂದು ಕಡೆ ನೀರು ಒಸರಿದರೂ ಸರಕು ಕಾದು ಹಲಗೆಗೆ ಬೆಂಕಿ ಹಿಡಿಯುತ್ತಿತ್ತು. ನೀರಿನ ಮೇಲೆ ತೇಲುತ್ತಾ ನೀರಿಗೆ ಹೆದರುವ ದೋಣಿ ಅದೊಂದೇ ಇರಬೇಕು.

ನಮ್ಮಲ್ಲಿ ಅಳಿಯಕಟ್ಟು, ಮನೆಯ ಯಜಮಾನಿಕೆ ಸೋದರಮಾವನದು. ಅಪ್ಪ ಸಮುದ್ರಕ್ಕೆ ಹೋಗುವವರು, ಮಳೆಗಾಲ ಬಿಟ್ಟರೆ ಕಾಣಸಿಗುತ್ತಿರಲಿಲ್ಲ. ಮಾವ ಹೆಸರಿಗೆ ಯಜಮಾನರಾದರೂ ಸುಣ್ಣದ ವಿಷಯದಲ್ಲಿ ಕಾನೂನು ಅಮ್ಮನದೇ. ಅದಕ್ಕೊಂದು ಕಾರಣವಿತ್ತು. ಮಾವನಿಗೆ ಒಂದೇ ಕಣ್ಣು. ಚಿಕ್ಕಂದಿನಲ್ಲಿ ಅವರ ಇನ್ನೊಂದು ಕಣ್ಣಿಗೆ ಸುಣ್ಣ ಬಿದ್ದಾಗ ನೆರೆಕರೆಯವರೆಲ್ಲ ಓಡಿ ಬಂದು ಉಪಕಾರ ಮಾಡಿದರಂತೆ. ಒಬ್ಬರು ತೆಂಗಿನೆಣ್ಣೆ ಬಿಟ್ಟರು, ಒಬ್ಬರು ಮೊಲೆಹಾಲು ಹಿಂಡಿಸಿದರು, ಇನ್ನೊಬ್ಬರು ಬಟ್ಟೆ ಕಟ್ಟಿ ಮಲಗಿಸಿದರು. ನೀರು ಹಾಕಲು ಮಾತ್ರ ಯಾರೂ ಬಿಡಲಿಲ್ಲ, ಸುಣ್ಣಕ್ಕೆ ನೀರು ಆಗದಲ್ಲ! ಬಟ್ಟೆ ಬಿಚ್ಚುವ ಹೊತ್ತಿಗೆ ಕಣ್ಣು ಹೋಗಿತ್ತು. ಅಮ್ಮ ಆಗ ಪಕ್ಕದಲ್ಲೇ ಇದ್ದವರು.

ಹಾಗಾಗಿ ಅಮ್ಮನ ಕಾನೂನನ್ನು ನಾವು ಮಗ್ಗಿಗಿಂತ ಮೊದಲು ಕಲಿತೆವು. ನೆಲಕ್ಕೆ ಬಿದ್ದ ಸುಣ್ಣಕ್ಕೆ ತೊಟ್ಟು ನೀರೂ ಇಲ್ಲ. ಮೂಗು ಬಾಯಿಗೆ ಬಟ್ಟೆ ಕಟ್ಟಿ, ಗಾಳಿಗೆ ಬೆನ್ನು ಹಾಕಿ, ಒಣ ಹಿಡಿಸೂಡಿಯಲ್ಲಿ ಗುಡಿಸಿ ಒಣಗಿದ ತಗಡಿನ ಡಬ್ಬಕ್ಕೆ ತುಂಬಬೇಕು. ಮೈಮೇಲೆ ಬಿದ್ದರೆ ಬಟ್ಟೆ ಬಿಚ್ಚಿ, ಮೊದಲು ಒಣಗಿದ್ದನ್ನು ಕೊಡವಿ, ಆಮೇಲೆ ನೀರು. ಆ ನೀರೂ ಚಿಮುಕಿಸುವುದಲ್ಲ, ಸುರಿಯುವುದು. "ಚೂರು ನೀರು ಸುಣ್ಣಕ್ಕೆ ನೆಂಟ, ತುಂಬಾ ನೀರು ಅದಕ್ಕೆ ಯಮ" ಎನ್ನುತ್ತಿದ್ದರು ಅಮ್ಮ. ಕಣ್ಣಿಗೆ ಬಿದ್ದರೆ ಎಣ್ಣೆಯಿಲ್ಲ, ಹಾಲಿಲ್ಲ, ಆ ಕ್ಷಣದಿಂದಲೇ ನೀರು. ಎಷ್ಟು ಹೊತ್ತು ಎಂದರೆ ಒಲೆಯ ಮೇಲಿಟ್ಟ ಕುಚ್ಚಲಕ್ಕಿ ಅನ್ನವಾಗುವಷ್ಟು ಹೊತ್ತು. ನಮ್ಮ ಕುಚ್ಚಲಕ್ಕಿ ಎಷ್ಟು ನಿಧಾನದ್ದೆಂದು ಈ ಕಡೆಯ ಹೊಟ್ಟೆಗಳಿಗೆಲ್ಲ ಗೊತ್ತು. ಗಂಜಿ ಆಯಿತೇ ಎಂದು ಕೇಳಿ ಕೇಳಿ ಗಂಟಲು ಒಣಗಬೇಕು, ಅಷ್ಟು ಹೊತ್ತು.

ಇಷ್ಟೆಲ್ಲ ಹೇಳಿದ್ದು ನನ್ನ ಮದುವೆಯ ಕಥೆ ಹೇಳಲು.

ನನ್ನ ಕೈ ಚೆನ್ನಾಗಿರಲಿಲ್ಲ. ಚಿಕ್ಕಂದಿನಿಂದ ಸುಣ್ಣ ಅಳೆದು ಅಳೆದು ಬೆರಳ ಸಂದುಗಳೆಲ್ಲ ಬಿರಿದಿದ್ದವು, ಅಂಗೈ ಗರಗಸದ ಹಾಗೆ ಒರಟು. ಹಿಂದೆ ಬಂದ ಒಂದು ಸಂಬಂಧದವರು ನಾನು ಹರಿವಾಣ ಚಾಚಿದಾಗ ಎಲೆ ಅಡಿಕೆಯನ್ನು ಬಿಟ್ಟು ಕೈಯನ್ನೇ ನೋಡಿದರು. "ಹುಡುಗಿಗೆ ಚರ್ಮದ್ದು ಎಂತಾದರೂ ಉಂಟಾ?" ಎಂದು ಒಬ್ಬಳು ಪಿಸುಗುಟ್ಟಿದಳು. ಪಿಸುಮಾತು ಅವಳದಾದರೂ ಕೇಳಿಸಿದ್ದು ಎಲ್ಲರಿಗೂ. ಅವರು ಕಾಫಿ ಕುಡಿದು ಹೋದರು, ಮತ್ತೆ ಸುದ್ದಿಯಿಲ್ಲ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅವರ ಮನೆಗೆ ಸುಣ್ಣ ಹೋಗಿದ್ದು ಇದೇ ಕೈಯಿಂದಲ್ಲವೇ!

ಈಗ ಬರಲಿದ್ದದ್ದು ಸುರತ್ಕಲ್ಲಿನ ಸಂಬಂಧ. ಹುಡುಗನನ್ನು ನಾನು ನೋಡಿದ್ದೆ. ಮನೆ ರಿಪೇರಿಗೆಂದು ನಮ್ಮಲ್ಲಿಗೆ ಸುಣ್ಣ ಕೊಳ್ಳಲು ಬಂದಿದ್ದ. ನಾನು ಕೈಗೆ ಗೋಣಿಬಟ್ಟೆ ಸುತ್ತಿಕೊಂಡು ಅಳೆಯುತ್ತಿದ್ದೆ. "ಇದಕ್ಕೆ ನೀರು ಹೇಗೆ ಹಾಕುವುದು?" ಎಂದು ಕೇಳಿದ. ನಾನು ಹೇಳಿದೆ, ಅವನು ಕೊನೆಯವರೆಗೆ ಕೇಳಿಸಿಕೊಂಡ. ಪ್ರಶ್ನೆ ಕೇಳುವ ಗಂಡಸರನ್ನು ಬೇಕಾದಷ್ಟು ಕಂಡಿದ್ದೆ. ಉತ್ತರ ಕೇಳಿಸಿಕೊಂಡವನನ್ನು ಕಂಡದ್ದು ಅದೇ ಮೊದಲು. ಈ ಸಂಬಂಧ ಆಗಬೇಕೆಂದು ನನಗೆ ಬಹಳ ಆಸೆಯಿತ್ತು. ಹೇಳಿಕೊಳ್ಳಲು ಆಗ ನಾಚಿಕೆ, ಈಗ ಎಂತ ನಾಚಿಕೆ.

ಆದರೆ ಒಪ್ಪಬೇಕಾದದ್ದು ಹುಡುಗನಲ್ಲ, ಹುಡುಗನ ಸೋದರಮಾವ. ಬೇಸಾಯದ ದೊಡ್ಡ ಮನೆ, ಮಾತು ಗಟ್ಟಿ, ಮರ್ಯಾದೆಯಲ್ಲಿ ಒಂದು ಕೂದಲು ಆಚೀಚೆ ಆದರೂ ಎದ್ದು ಹೋಗುವ ಮನುಷ್ಯ ಎಂದು ಮೊದಲೇ ಸುದ್ದಿ ಬಂದಿತ್ತು. ಅಜ್ಜಿ ನನ್ನನ್ನು ಕೂರಿಸಿ ಪಾಠ ಮಾಡಿದರು. ಹರಿವಾಣವನ್ನು ಸೆರಗಿನೊಳಗಿಂದ ಹಿಡಿಯಬೇಕು, ಬೆರಳು ಕಾಣಬಾರದು, ನಮಸ್ಕಾರ ಮಾಡುವಾಗ ಕೈ ಬೇಗ ಮುಚ್ಚಬೇಕು.

"ಮದುವೆಯಾದ ಮೇಲೆ?" ಎಂದೆ.

"ಮದುವೆಯಾದ ಮೇಲೆ ಅವರು ಎಲ್ಲಿಗೆ ಹೋಗ್ತಾರೆ, ಮಗಾ?" ಎಂದರು ಅಜ್ಜಿ.

ಆ ದಿನ ಮಧ್ಯಾಹ್ನ ಊಟಕ್ಕೇ ಅವರು ಬರುವುದೆಂದು ಮಾತಾಗಿತ್ತು. ಮಾವ ಅವರನ್ನು ಎದುರುಗೊಳ್ಳಲು ಕೂಳೂರಿನ ದೋಣಿ ಕಡವಿಗೆ ಹೋಗಿದ್ದರು. ಅಮ್ಮ ಮೀನಿನ ಸಾರಿನ ಹಿಂದೆ, ನಾನು ಹೂವಿನ ಹಿಂದೆ. ಅಜ್ಜಿ ಅಂಗಳಕ್ಕಿಳಿದು ಹಸಿರು ಗೋಡೆಯನ್ನು ನೋಡಿದರು. ವರ್ಷಗಟ್ಟಲೆ ಕಿವಿಯಲ್ಲಿ ಕೂತಿದ್ದ ನಗು ಆಗಲೇ ಎದ್ದಿತೆಂದು ಕಾಣುತ್ತದೆ. ಎದುರಿಗೆ ಕಾಣುವಷ್ಟು ಗೋಡೆಗಾದರೂ ಸುಣ್ಣ ಬಳಿದುಬಿಡೋಣವೆಂದು, ಯಾರಿಗೂ ಹೇಳದೆ, ಉಗ್ರಾಣದಿಂದ ಸುಟ್ಟ ಸುಣ್ಣದ ಬುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡು ಹೊರಟರು. ಸುಣ್ಣದ ಬುಟ್ಟಿಯ ತಳವನ್ನು ಸುಣ್ಣವೇ ತಿಂದಿರುತ್ತದೆ. ಸರಿಯಾಗಿ ಮನೆಯ ಮೆಟ್ಟಿಲ ಮೇಲೆ ಅದು ಕಳಚಿ ಬಿತ್ತು. ಗಂಟುಗಳು ಮೆಟ್ಟಿಲಿಂದ ಮೆಟ್ಟಿಲಿಗೆ ಉರುಳಿದವು, ಪುಡಿ ಕೆಂಪುಕಲ್ಲಿನ ತೂತುಗಳಲ್ಲೆಲ್ಲ ಸೇರಿತು.

ಅಮ್ಮ ಬಂದು ನೋಡಿದರು. ಬೈಯಲಿಲ್ಲ. ಮುಖಕ್ಕೆ ಸೆರಗು ಬಿಗಿದು, ಅಜ್ಜಿಯ ಸೀರೆಯನ್ನು ಒಣಗಿದ್ದಾಗಲೇ ಕೊಡವಿ, ಬದಲಾಯಿಸಿ ಬರಲು ಒಳಗೆ ಕಳಿಸಿದರು. ನನ್ನ ಕೈಗೊಂದು ಹಿಡಿಸೂಡಿ ಕೊಟ್ಟು ತಾವೊಂದು ಹಿಡಿದರು. ಇಬ್ಬರೂ ಮೇಲಿನ ಮೆಟ್ಟಿಲಿಂದ ಗುಡಿಸಿ ಡಬ್ಬ ತುಂಬುತ್ತಾ ಕೆಳಗಿಳಿದೆವು. ಅಜ್ಜಿ ಸೀರೆ ಬದಲಾಯಿಸಿ ಬಂದವರು, ಎಷ್ಟೋ ವರ್ಷದ ಅಭ್ಯಾಸ ನೋಡಿ, ಗಿಂಡಿಯಲ್ಲಿ ನೀರು ತುಂಬಿ ತಂದು ಮೆಟ್ಟಿಲ ಬುಡದಲ್ಲಿಟ್ಟರು. ಬಂದವರಿಗೆ ಕಾಲಿಗೆ ನೀರು, ಆಮೇಲೆ ಕುಡಿಯಲು ನೀರು ಬೆಲ್ಲ. ಅದಿಲ್ಲದ ಮನೆಯನ್ನು ನಮ್ಮ ಕಡೆ ಮನೆಯೆಂದೇ ಹೇಳುವುದಿಲ್ಲ. ಕೆಳಗಿನ ಎರಡು ಮೆಟ್ಟಿಲು ಇನ್ನೂ ಬೆಳ್ಳಗಿತ್ತು. ಆ ಬಿಳಿಯ ನಡುವೆ, ಹೊಳೆಯುವ ಹಿತ್ತಾಳೆಯ ಗಿಂಡಿ, ಬಾಯಿತುಂಬ ನೀರು.

ಅಷ್ಟರಲ್ಲಿ ಬೇಲಿಯ ದಣಪೆಯ ಬಳಿ ಕೆಮ್ಮು ಕೇಳಿಸಿತು. ಅವರು ಬೇರೆ ದೋಣಿ ಹಿಡಿದು ಬೇರೆ ದಾರಿಯಲ್ಲಿ ಬಂದುಬಿಟ್ಟಿದ್ದರು. ಮುಂದೆ ಹುಡುಗನ ಮಾವ, ಅಪ್ಪಟ ಬಿಳಿ ಮುಂಡು, ಹೆಗಲಿಗೆ ಶಾಲು, ಚಪ್ಪಲಿ ಕೈಯಲ್ಲಿ, ಮೊಣಕಾಲಿನ ಕೆಳಗೆ ಹೊಳೆಯ ಕೆಸರು. ಹಿಂದೆ ಹುಡುಗ. ನನ್ನ ಕೈಯಲ್ಲಿ ಹಿಡಿಸೂಡಿ, ಮುಖಕ್ಕೆ ಕಳ್ಳರ ಹಾಗೆ ಕಟ್ಟಿದ ಬಟ್ಟೆ. ಹೂ ಮುಡಿದದ್ದು ಒಂದೇ ಸಮಾಧಾನ.

ಅಮ್ಮ ಕೈ ಮುಗಿದರು. "ಬನ್ನಿ ಯಜಮಾನರೇ. ಒಂದು ಗಳಿಗೆ ಅಲ್ಲೇ ನಿಲ್ಲಿ. ಮೆಟ್ಟಿಲಿಗೆ ಸುಟ್ಟ ಸುಣ್ಣ ಬಿದ್ದುಂಟು. ಇಲ್ಲಿ ನೀರು ಮುಟ್ಟಬಾರದು. ಹಿತ್ತಲಿಂದ ಬಂದರೆ ಬಾವಿಕಟ್ಟೆಯಲ್ಲಿ ಕಾಲು ತೊಳೆಯಬಹುದು."

"ಹಿತ್ತಲಿಂದ ಬರಲು ನಾವೇನು ಕಳ್ಳರಾ?" ಎಂದರು ಅವರು. ಗಿಂಡಿಯನ್ನು ನೋಡಿದರು. "ನೀರು ಇಟ್ಟಿದ್ದೀರಲ್ಲ. ಇಟ್ಟು, ಮುಟ್ಟಬೇಡ ಅಂತ ಹೇಳುವುದು ಯಾವ ಊರಿನ ಕ್ರಮ?"

ಅಜ್ಜಿ ಸಂಕಟದಲ್ಲಿ ಅಲ್ಲಿಂದಿಲ್ಲಿಗೆ ಓಡಾಡಿದರು. "ಕಾಲಿಗೆ ನೀರಿಲ್ಲ ಅಂತ ನಮ್ಮ ಬಾಯಲ್ಲಿ ಹೇಗೆ ಹೇಳುವುದು?" ಎಂದು ಅಮ್ಮನ ಮೇಲೆ ಕಣ್ಣು ಕೆಂಪು ಮಾಡಿದರು. ಅಮ್ಮ ಗಿಂಡಿ ಎತ್ತಿಕೊಳ್ಳಲು ಹೋದರು, ಅದಕ್ಕೆ ಮೊದಲೇ ಆ ಯಜಮಾನರು ಬಂದು ಗಿಂಡಿಗೆ ಕೈ ಹಾಕಿಯಾಗಿತ್ತು.

"ಮಾವ, ಅದು ಸುಣ್ಣ" ಎಂದ ಹುಡುಗ.

"ನನಗೆ ಸುಣ್ಣ ಗೊತ್ತಿಲ್ಲವಾ? ದಿನಕ್ಕೆ ಎಷ್ಟು ಸಲ ಎಲೆಗೆ ಹಾಕ್ತೇನೆ!"

ಹೇಳುತ್ತಾ ಕೆಳಗಿನ ಮೆಟ್ಟಿಲ ಮೇಲೆ ಬಲಗಾಲಿಟ್ಟು ಗಿಂಡಿ ಬಗ್ಗಿಸಿದರು. ಏನೂ ಆಗಲಿಲ್ಲ. ಸುಟ್ಟ ಸುಣ್ಣಕ್ಕೆ ಸ್ವಲ್ಪ ಯೋಚನೆ ಮಾಡುವ ಅಭ್ಯಾಸವುಂಟು, ಕೂಡಲೇ ಉತ್ತರ ಕೊಡುವುದಿಲ್ಲ. ಅವರು ಗೆದ್ದವರ ನಗೆ ನಕ್ಕು, "ಎಂತ ಆಯ್ತು? ಎಂತದ್ದೂ ಇಲ್ಲ" ಎಂದು ಅಮ್ಮನನ್ನು ನೋಡಿದರು. ಅಮ್ಮ ಅವರ ತೋಳು ಹಿಡಿದು ಎಳೆಯುವಷ್ಟರಲ್ಲಿ, ಕಾಲಿನ ಬೆರಳ ಸಂದಿಯ ಕೆಸರು ತಿಕ್ಕಲೆಂದು ಮೆಟ್ಟಿಲ ಮೇಲೆ ಬಗ್ಗಿದರು.

ಆಗ ಸುಣ್ಣ ಯೋಚಿಸಿ ಮುಗಿಸಿತು.

ಮೊದಲು ಬುಸ್ಸೆಂದಿತು, ಆಮೇಲೆ ಗಂಟುಗಳು ಪಟಪಟ ಒಡೆದವು. ಹಬೆ ಎದ್ದು ಬಿಳಿ ಮುಂಡು ಹಬೆಯೊಳಗೆ ಕಾಣದಾಯಿತು. ಯಜಮಾನರು ಹಾರಿದ್ದನ್ನು ಮಾತ್ರ ನೋಡಿದೆ. ಆ ವಯಸ್ಸಿನಲ್ಲಿ ಅಷ್ಟೆತ್ತರ ಹಾರಿದವರನ್ನು ನಾನು ಮತ್ತೆ ಕಂಡಿಲ್ಲ. ಗಿಂಡಿ ಒಂದು ಕಡೆ, ಚಪ್ಪಲಿ ಒಂದು ಕಡೆ, ಮರ್ಯಾದೆ ಇನ್ನೊಂದು ಕಡೆ. ನನಗೆ ನಗು ಉಕ್ಕಿ ಬಂತು. ಅಷ್ಟರಲ್ಲಿ ಅವರು "ಕಣ್ಣು! ಕಣ್ಣು!" ಎಂದು ಕೂಗಿದರು. ನಗು ಗಂಟಲಲ್ಲೇ ಸತ್ತಿತು.

"ಉಜ್ಜಬೇಡಿ! ಕೈ ತೆಗೀರಿ!" ಅಮ್ಮನ ಧ್ವನಿ ಬಂದರಿನವರೆಗೆ ಕೇಳಿರಬೇಕು. ಉಜ್ಜಲು ಹೋದ ಅವರ ಕೈಯನ್ನು ಹಿಡಿದು ಕೆಳಗೆಳೆದರು. ಹುಡುಗ ಇನ್ನೊಂದು ಕಡೆ ಹಿಡಿದ. ಇಬ್ಬರೂ ಸೇರಿ ಅವರನ್ನು ಮನೆಯ ಬದಿಯಿಂದ ಹಿತ್ತಲಿಗೆ ಓಡಿಸಿದರು. ಯಾವ ದಾರಿಯಲ್ಲಿ ಬರಲಾರೆ ಎಂದಿದ್ದರೋ ಅದೇ ದಾರಿ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಂಗಾತ ಮಲಗಿಸಿ ಅಮ್ಮ ಅಲ್ಲೇ ಅಪ್ಪಣೆ ಮಾಡಿದರು. "ಮುಂಡು ಬಿಚ್ಚಿ."

"ಎಂತ?"

"ಮುಂಡು ತುಂಬಾ ಸುಣ್ಣ ಉಂಟು. ಅದರ ಮೇಲೆ ನೀರು ಬಿದ್ದರೆ ತೊಡೆ ಸುಡ್ತದೆ. ಬಿಚ್ಚಿ!"

ಮರ್ಯಾದೆಯಲ್ಲಿ ಒಂದು ಕೂದಲೂ ಆಚೀಚೆ ಆಗಬಾರದ ಮನುಷ್ಯ ಅರೆಗಳಿಗೆಯಲ್ಲಿ ಕೋಮಣದಲ್ಲಿ ಉಳಿದರು. ಹುಡುಗ ತನ್ನ ಹೆಗಲ ಬೈರಾಸನ್ನು ಅವರ ಸೊಂಟದ ಮೇಲೆ ಹೊದಿಸಿ ಬಾವಿಯ ಹಗ್ಗ ಹಿಡಿದ. ಅಮ್ಮ ಅವರ ತಲೆಯನ್ನು ಸುಣ್ಣ ಬಿದ್ದ ಕಣ್ಣಿನ ಕಡೆಗೆ ವಾಲಿಸಿ, ಎರಡು ಬೆರಳಲ್ಲಿ ರೆಪ್ಪೆ ಅಗಲಿಸಿ ಹಿಡಿದು, "ನೀರು!" ಎಂದರು. ಆ ನೀರು ಒಳ್ಳೆಯ ಕಣ್ಣಿಗೆ ಹರಿಯಬಾರದು, ಕಿವಿಯ ಕಡೆಗೆ ಹೋಗಬೇಕು. ನಾನು ಕೊಡಪಾನ ಎತ್ತಿದೆ. ಅದರಿಂದ ಬೀಳುವ ನೀರು ಒರಟು, ಕಣ್ಣಿಗೆ ಹದವಾಗಿ ಬೀಳದು. ಆಗ ಅಜ್ಜಿ ಅಂಗಳಕ್ಕೆ ಓಡಿ, ಬಿದ್ದಿದ್ದ ಗಿಂಡಿಯನ್ನು ಚೆನ್ನಾಗಿ ತೊಳೆದು ತಂದುಕೊಟ್ಟರು. ಅದರ ಸಣ್ಣ ಮೂತಿಯಿಂದ ಬರುವ ಧಾರೆ ಈ ಕೆಲಸಕ್ಕೆಂದೇ ಮಾಡಿಸಿದಂತಿತ್ತು. ಅಜ್ಜಿ ಕೊಡಪಾನ ತೆಗೆದುಕೊಂಡು ಕಾಲಿಗೆ ಸುರಿಯತೊಡಗಿದರು. ಕಾಲಿಗೆ ಒಂದು ಗಿಂಡಿ ನೀರು ಕೊಡದ ಮನೆ ಎಂದು ಸಿಟ್ಟಾದವರಿಗೆ ಈಗ ಬಾವಿಯೇ ಮೇಲೆ ಬೀಳುತ್ತಿತ್ತು.

ಕೂಗು ಕೇಳಿ ನೆರೆಮನೆಯವರು, ನಾವು ಬಾಯಿ ಎಂದು ಕರೆಯುತ್ತಿದ್ದವರು, ಬೇಲಿ ದಾಟಿ ಬಂದರು. ಕೊಂಕಣಿ ಮಾತಾಡುವ ಹೆಂಗಸು, ಒಳ್ಳೆಯ ಮನಸ್ಸು, ಎಲ್ಲ ಕಾಯಿಲೆಗೂ ಕಳ್ಳಿನ ವಿನೆಗರ್. "ಸುಣ್ಣಕ್ಕೆ ಹುಳಿಯೇ ಮದ್ದು, ಒಂದು ಚಮಚ ಕಣ್ಣಿಗೆ ಬಿಡಿ" ಎಂದು ಸೀಸೆಯ ಬಿರಡೆ ತೆಗೆದರು. ಯಜಮಾನರು ಕಲ್ಲಿನ ಮೇಲಿಂದ ಹೌಹಾರಿದರು.

"ಬಾಯಿ, ನಿಮ್ಮ ವಿನೆಗರನ್ನು ಮೀನಿಗೆ ಹಾಕಿ. ನಮಗೆ ನಿಮ್ಮ ಕೊಡಪಾನ ಕೊಡಿ" ಎಂದರು ಅಮ್ಮ, ರೆಪ್ಪೆಯಿಂದ ಕೈ ತೆಗೆಯದೆ. "ಅಂಗಳದಲ್ಲಿ ಯಾರಾದರೂ ಮೆಟ್ಟಿಲಿಗೆ ನೀರು ಹೊಯ್ಯಲು ಬಂದರೆ ತಡೀರಿ, ಮಾರಾಯ್ತಿ."

ಬಂದಿದ್ದರು. ಹಬೆ ಕಂಡು ಬೆಂಕಿಯೆಂದು ತಿಳಿದು ನಾಲ್ಕಾರು ಮಂದಿ ಕೊಡ ಹೊತ್ತು ಬಂದಿದ್ದರು. ಬಾಯಿ ವಿನೆಗರ್ ಸೀಸೆ ಹಿಡಿದೇ ಅವರಿಗೆ ಅಡ್ಡ ನಿಂತು, ಕೊಡಗಳನ್ನೆಲ್ಲ ಹಿತ್ತಲಿಗೆ ತಿರುಗಿಸಿದರಂತೆ. ಆ ದಿನ ಅವರು ಮಾಡಿದ ಉಪಕಾರವನ್ನು ನಾವು ಮರೆತಿಲ್ಲ.

"ಒಲೆಯಲ್ಲಿ ಅಕ್ಕಿ ಉಂಟಾ?" ಅಮ್ಮ ಕೇಳಿದರು.

"ಈಗಷ್ಟೇ ಹಾಕಿದ್ದು" ಎಂದರು ಅಜ್ಜಿ.

"ಅದು ಬೇಯುವವರೆಗೆ ಹೀಗೇ ಇರಬೇಕು ಯಜಮಾನರೇ."

ಅವರು ಸ್ವಲ್ಪ ಹೊತ್ತು ನರಳಿದರು, ಸ್ವಲ್ಪ ಹೊತ್ತು ಬೈದರು. ಆಮೇಲೆ, ಮನುಷ್ಯನ ಸ್ವಭಾವ ನೋಡಿ, ಬಂದ ಕೆಲಸ ನೆನಪಾಯಿತು. ನೀರು ಮೂಗಿಗೆ ಹೋಗದಂತೆ ತುಟಿ ಓರೆ ಮಾಡಿ ಕೇಳಿದರು, "ಹುಡುಗಿ ಎಲ್ಲಿ?"

"ನೀರು ಹಾಕುವುದು ಅವಳೇ" ಎಂದರು ಅಮ್ಮ.

"ಅಡುಗೆ ಬರ್ತದಾ?"

"ಬರ್ತದೆ" ಎಂದೆ.

"ಹಾಡು?"

"ಇಲ್ಲ."

"ಒಳ್ಳೇದಾಯ್ತು."

ಹುಡುಗ ಸೇದಿ ಸೇದಿ ಕೊಡಪಾನ ಇಡುತ್ತಿದ್ದ, ನಾನು ಗಿಂಡಿಗೆ ತುಂಬಿ ಧಾರೆ ಬಿಡುತ್ತಿದ್ದೆ. "ಸಾಕಾ?" ಎಂದು ಕೇಳುತ್ತಿದ್ದ. "ಇನ್ನೂ ಬೇಕು" ಎನ್ನುತ್ತಿದ್ದೆ. ನಮ್ಮಿಬ್ಬರ ಪ್ರೇಮಸಲ್ಲಾಪ ಇಷ್ಟೇ. ಸಂಸಾರವೂ ಮುಂದೆ ಹೆಚ್ಚುಕಡಿಮೆ ಇದೇ ಮಾತಿನಲ್ಲಿ ನಡೆಯಿತು, ಕೇಳುವವರು ಮಾತ್ರ ಬದಲಾದರು.

ಒಳಗಿನಿಂದ ಅಜ್ಜಿ ಕೂಗಿದರು. "ಅನ್ನ ಬೆಂದಿತು!"

ಯಜಮಾನರು ಬಂಧನದಿಂದ ಬಿಡುಗಡೆಯಾದವರಂತೆ ಎದ್ದು ಕೂತರು. ನನಗೂ ಆಶ್ಚರ್ಯ, ಇಷ್ಟು ಬೇಗ? ಅಮ್ಮನ ಹುಬ್ಬು ಗಂಟಾಯಿತು. "ಯಾವ ಅಕ್ಕಿ ಹಾಕಿದ್ದು ಅಮ್ಮ?"

"ಬೆಳ್ತಿಗೆ. ದೊಡ್ಡವರು ಬರುವಾಗ ಕೆಂಪು ಅನ್ನ ಬಡಿಸುವುದಾ?"

ಬೆಳ್ತಿಗೆ ಹಬ್ಬದ ಬಿಳಿ ಅಕ್ಕಿ, ಒಲೆಯ ಮೇಲೆ ಕೂತು ಎದ್ದಷ್ಟೇ ಹೊತ್ತು. "ಅದು ಲೆಕ್ಕಕ್ಕಿಲ್ಲ. ಕುಚ್ಚಲು ಹಾಕಿ" ಎಂದರು ಅಮ್ಮ. "ಯಜಮಾನರೇ, ಮಲಗಿ."

"ಇನ್ನೂ ಮಲಗುವುದಾ? ಉರಿ ಕಡಿಮೆ ಆಯ್ತು! ಹೆಣ್ಣು ಕೇಳಲು ಬಂದವರನ್ನು ಬಟ್ಟೆಯ ಹಾಗೆ ಕಲ್ಲಿಗೆ ಹಾಕಿ ಒಗೆಯುವ ಮನೆ ನಾನು ನೋಡಲಿಲ್ಲ. ನಡಿ ಮಗಾ, ಹೋಗುವ. ಈ ಸಂಬಂಧ ನಮಗೆ ಬೇಡ."

ಗಿಂಡಿ ನನ್ನ ಕೈಯಲ್ಲೇ ಉಳಿಯಿತು. ಹುಡುಗ ಹಗ್ಗ ಬಿಟ್ಟು ಒಮ್ಮೆ ಮಾವನನ್ನು, ಒಮ್ಮೆ ನನ್ನನ್ನು ನೋಡಿದ. ಎಲ್ಲ ಮುಗಿಯಿತು ಎಂದುಕೊಂಡೆ. ಅಮ್ಮನಿಗೆ ಮಾತ್ರ ನನ್ನ ಮದುವೆಯ ನೆನಪೇ ಇದ್ದಂತಿರಲಿಲ್ಲ. "ಸಂಬಂಧ ಬೇಡದಿದ್ದರೆ ಬೇಡ. ಕಣ್ಣು ಬೇಕಲ್ಲ, ಮಲಗಿ" ಎಂದು ಗದರಿದರು.

ಅದೇ ಹೊತ್ತಿಗೆ ಕಡವಿನಿಂದ ಬರಿಗೈಯಲ್ಲಿ ಬಂದ ನನ್ನ ಮಾವ ಹಿತ್ತಲಿಗೆ ಓಡಿ ಬಂದರು. ಮೆಟ್ಟಿಲನ್ನು ನೋಡಿಯೇ ಬಂದಿದ್ದರು, ಯಾರೂ ಏನೂ ಹೇಳಬೇಕಾಗಲಿಲ್ಲ. ಕಲ್ಲಿನ ಮೇಲೆ ಕೆಂಪು ಕಣ್ಣು ಮಾಡಿಕೊಂಡು ಕೂತವರ ಎದುರು ನಿಂತು ಅಮ್ಮನನ್ನು ಕೇಳಿದರು.

"ಎಣ್ಣೆ ಹಾಕಿದ್ರಾ?"

"ಇಲ್ಲ."

"ಹಾಲು?"

"ಇಲ್ಲ. ನೀರೇ. ಕುಚ್ಚಲು ಈಗ ಇಡ್ತಾ ಇದ್ದಾರೆ."

ಮಾವ ಅಲ್ಲೇ ಬಾವಿಕಟ್ಟೆಯ ಮೇಲೆ ಕುಸಿದು ಕೂತರು. ಇದ್ದ ಒಂದು ಕಣ್ಣಿನಲ್ಲಿ ನೀರು ತುಂಬಿತು. ಇನ್ನೊಂದು ಯಾವಾಗಲೂ ಹೇಗಿರುತ್ತಿತ್ತೋ ಹಾಗೇ ಬೆಳ್ಳಗೆ, ಬತ್ತಿಕೊಂಡು ಇತ್ತು. ಸುರತ್ಕಲ್ಲಿನವರು ತಮ್ಮ ಒಳ್ಳೆಯ ಕಣ್ಣಿನಿಂದ ಆ ಮುಖವನ್ನು ನೋಡಿದರು. ಬೈರಾಸು ಸರಿ ಮಾಡಿಕೊಂಡು, ತಾವಾಗಿಯೇ ಕಲ್ಲಿನ ಮೇಲೆ ಅಂಗಾತ ಮಲಗಿ, ತಾವೇ ತಲೆ ವಾಲಿಸಿದರು.

"ನಿಧಾನಕ್ಕೆ ಬೇಯಲಿ" ಎಂದರು.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಇವರಿಗೆ ಪುಣ್ಯಕ್ಕೆ ಕೆಡುವ ಮೊದಲೇ ಬಂತು. ಮತ್ತೆ ಹಗ್ಗ, ಮತ್ತೆ ಗಿಂಡಿ, ಮತ್ತೆ ಧಾರೆ. ಅಮ್ಮನ ಬೆರಳು ಮರಗಟ್ಟಿದಾಗ ರೆಪ್ಪೆ ಹಿಡಿಯುವ ಕೆಲಸ ನನಗೆ ಬಂತು. ಸೆರಗಿನೊಳಗೆ ಅಡಗಿಸಬೇಕಾಗಿದ್ದ ಬೆರಳುಗಳು ಈಗ ಅವರ ಮೂಗಿನ ತುದಿಯಲ್ಲೇ ಇದ್ದವು. ಮೇಲಿನ ರೆಪ್ಪೆಯೊಳಗೆ ಕೂತಿದ್ದ ಒಂದು ಬಿಳಿ ಕಣ ಆಗ ಕಂಡಿತು. ಒದ್ದೆ ಬಟ್ಟೆಯ ತುದಿಯಿಂದ ಅಮ್ಮ ಅದನ್ನು ಮೆಲ್ಲನೆ ತೆಗೆದರು. ಬೆಳ್ತಿಗೆಯ ಲೆಕ್ಕ ಹಿಡಿದು ಬಿಟ್ಟಿದ್ದರೆ ಅದು ಅಲ್ಲೇ ಕೂತು ತಿನ್ನುತ್ತಿತ್ತು.

ಅವರ ಒಳ್ಳೆಯ ಕಣ್ಣು ನನ್ನ ಕೈಯ ಮೇಲೆ ನಿಂತಿತು. ಬಹಳ ಹೊತ್ತು ನೋಡಿದರು. ಒಳಗೆ ಅಜ್ಜಿಗೆ ಅದು ಕಾಣದಿದ್ದದ್ದು ಅವರ ಪುಣ್ಯ.

"ಕೈಗೆ ಎಂತ ಆದದ್ದು?"

ಬರಬಾರದೆಂದು ಕಾಯುತ್ತಿದ್ದ ಪ್ರಶ್ನೆ ಬಂದೇ ಬಂತು. ಸುಳ್ಳು ಹೇಳಲು ತೋಚಲಿಲ್ಲ. "ಸುಣ್ಣ" ಎಂದೆ.

"ನೋಯ್ತದಾ?"

ಯಾರೂ ಅದನ್ನು ಕೇಳಿರಲಿಲ್ಲ. "ಚಳಿಯಲ್ಲಿ" ಎಂದೆ.

"ನೀರು ನಿಲ್ಲಿಸಬೇಡ" ಎಂದಷ್ಟೇ ಹೇಳಿದರು.

ಕುಚ್ಚಲು ಬೆಂದಿತು. ಅನ್ನ ಉಣ್ಣುವ ಮೊದಲು ನನ್ನ ಮಾವ ಅವರನ್ನು ಜಟಕಾದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಬಿಳಿ ಮುಂಡು ಡಬ್ಬಕ್ಕೆ ಹೋಗಿತ್ತು, ಅವರು ಉಟ್ಟದ್ದು ಮಾವನ ಸುಣ್ಣದ ಕೆಲಸದ ಮುಂಡು. ಡಾಕ್ಟರು ಕಣ್ಣು ನೋಡಿ ಇನ್ನೊಮ್ಮೆ ತೊಳೆದು ಮದ್ದು ಹಾಕಿ, ಕಣ್ಣು ಉಳಿದಿದೆ ಎಂದರಂತೆ. ಕಾಲಿನ ಬೊಕ್ಕೆಗಳು ಮಾತ್ರ ಕೆಲವು ದಿನ ಕಾಡಿದವು. ಅವರು ಹಾಗೇ ಊರಿಗೆ ಹೋದರು. ಸಂಬಂಧದ ಬಗ್ಗೆ ಹೌದೆಂದೂ ಇಲ್ಲ, ಅಲ್ಲವೆಂದೂ ಇಲ್ಲ. ನಾನೂ ಅಮ್ಮನೂ ತಣ್ಣಗಾದ ಮೆಟ್ಟಿಲನ್ನು ಕೆರೆದು ಗುಡಿಸಿದೆವು. ಅಜ್ಜಿ ಮೂರು ಹೊತ್ತೂ ಒಂದೇ ಮಾತು ಹೇಳಿ ಅತ್ತರು. "ಗೋಡೆ ಹಸಿರಿದ್ದರೆ ಎಂತ ಆಗ್ತಿತ್ತು?" ನನಗೆ ಅವರನ್ನು ಬೈಯಲು ಮನಸ್ಸಾಗಲಿಲ್ಲ, ನನ್ನದೇ ಅಳು ನನಗೆ ಸಾಕಾಗಿತ್ತು. ಕೇಳಿಸಿಕೊಳ್ಳುವ ಒಬ್ಬ ಮನುಷ್ಯ ಸಿಕ್ಕಿದ್ದ, ಅವನನ್ನೂ ಒಂದು ಗಿಂಡಿ ನೀರು ಕೊಂಡೊಯ್ದಿತೆಂದು ರಾತ್ರಿಯೆಲ್ಲ ಹೊರಳಾಡಿದೆ.

ಆಮೇಲೆ ಒಂದು ದಿನ ಹುಡುಗ ಒಬ್ಬನೇ ಬಂದ, ಹಿತ್ತಲಿಂದಲೇ ಬಂದ. ದಿನ ಗೊತ್ತು ಮಾಡಲು ಮಾವ ಕಳಿಸಿದ್ದಾರೆ ಎಂದ. ಅಜ್ಜಿ ಅವನ ಕಾಲಿಗೆ ನೀರು ಕೊಡಲು ಓಡಿದರು. ಅವನು ಮೊದಲು ನೆಲ ನೋಡಿದ.

ಮದುವೆಯಾಗಿ ಸುರತ್ಕಲ್ಲಿನ ಮನೆಯ ಮೆಟ್ಟಿಲಿಗೆ ಬಂದು ನಿಂತಾಗ ಹೊಸ್ತಿಲ ತುಂಬ ಹೆಂಗಸರು. ಆರತಿ, ಹೂ, ಗಿಂಡಿಯಲ್ಲಿ ನೀರು. ನಾನು ಎರಡೂ ಕೈಯನ್ನು ಸೆರಗಿನೊಳಗೆ ಹುಗಿದು, ಅಜ್ಜಿಯ ಪಾಠ ಒಪ್ಪಿಸುತ್ತಾ ನಿಂತಿದ್ದೆ. ಒಬ್ಬಳು ಗಿಂಡಿ ಬಗ್ಗಿಸುವಷ್ಟರಲ್ಲಿ ಒಳಗಿನಿಂದ "ನಿಲ್ಲಿ!" ಎಂಬ ಗಟ್ಟಿ ಧ್ವನಿ ಬಂತು. ಯಜಮಾನರು, ಹೊಸ ಬಿಳಿ ಮುಂಡು, ಕೈಯಲ್ಲಿ ಒಣ ಹಿಡಿಸೂಡಿ. ಮದುವೆಯ ದಿನ ಹೊಸ್ತಿಲಿಗೆ ಹಿಡಿಸೂಡಿ ತಂದರೆಂದು ಹೆಂಗಸರೆಲ್ಲ ಬಾಯಿ ಬಾಯಿ ಬಡಿದುಕೊಂಡರು. ಅವರು ಮೇಲಿನ ಮೆಟ್ಟಿಲಿಂದ ಕೆಳಗಿನವರೆಗೆ ಸೊಂಟ ಬಗ್ಗಿಸಿ ಗುಡಿಸಿದರು. ಬಗ್ಗಿ, ಎರಡೂ ಕಣ್ಣು ತೆರೆದು, ಕಲ್ಲಿನ ಸಂದು ಸಂದು ನೋಡಿದರು. ನನಗೆ ನಗು ತಡೆಯಲಾಗಲಿಲ್ಲ, ಪಕ್ಕದಲ್ಲಿ ನಿಂತವನಿಗೂ.

ಆಮೇಲೆ ಅವರು ಗಿಂಡಿಯನ್ನು ತಾವೇ ತೆಗೆದುಕೊಂಡು ನನ್ನ ಕಾಲಿಗೆ ನೀರು ಹಾಕಿದರು. "ಕೈ ಹಿಡಿ" ಎಂದರು. ನಾನು ಅಲುಗಲಿಲ್ಲ. "ಹಿಡಿ ಮಗಾ." ಸೆರಗಿನಿಂದ ಕೈ ತೆಗೆದು ಚಾಚಿದೆ. ಬಿರಿದ ಬೆರಳುಗಳ ಮೇಲೆ ಸಣ್ಣ ಧಾರೆ ಬಿಡುತ್ತಾ, ಹೊಸ್ತಿಲ ಕಡೆ ತಿರುಗಿ ಎಲ್ಲ ಹೆಂಗಸರಿಗೂ ಕೇಳುವಂತೆ ಹೇಳಿದರು.

"ಈ ಕೈಗೆ ಎಂತ ಆದದ್ದು ಅಂತ ಇನ್ನು ಯಾರೂ ಕೇಳುವುದು ಬೇಡ. ನಾನು ಕೇಳಿ ಆಗಿದೆ."